ಅಂಗೈಯೊಳಗಿನ ಸೂಜಿ

ಹುಮಾಳ ಅಂಗೈಯಲ್ಲಿ ಸೂಜಿ ಮುರಿದು ಕೂತಿದೆಯೆಂಬ ಸುದ್ದಿ ಸುಕನ್ಯಾಳ ಕಿವಿಗೆ ಬೀಳುವಷ್ಟರಲ್ಲಿ, ಆ ಕೈಯನ್ನು ಒಮ್ಮೆ ಕೊಯ್ದು, ಹುಡುಕಿ, ಸೂಜಿ ಸಿಗದೆ ಮತ್ತೆ ಹೊಲಿದೂ ಆಗಿತ್ತು. ಸುದ್ದಿ ತಂದವನು ಹುಮಾಳ ಅಪ್ಪ ಗೌಸಮೊದ್ದೀನ. ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಅವನದು ಹೊಲಿಗೆ ಅಂಗಡಿ. ಸುಕನ್ಯಾಳ ಸಾಲೆಯ ಲಂಗದಿಂದ ಹಿಡಿದು ಇವತ್ತಿನ ಕುಪ್ಪಸದವರೆಗೆ ಎಲ್ಲವೂ ಅವನ ಕತ್ತರಿಯ ಕೆಳಗಿನಿಂದಲೇ ಬಂದವು. ಅಂಥವನು ಮದುವೆಗಳ ಕಾಲದಲ್ಲಿ ಅಂಗಡಿಗೆ ಬೀಗ ಜಡಿದು, ಧಾರವಾಡದ ಬಸ್ಸು ಹತ್ತಿ, ಅವಳ ಭೌತಶಾಸ್ತ್ರದ ಪ್ರಯೋಗಾಲಯದ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತಿದ್ದ. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ಸುಕನ್ಯಾ, ನಿನ್ನ ಪೆಟ್ಟಿಗಿ ತಗೊಂಡು ಬಾರವಾ," ಅಂದ. "ಹುಮಾ ಹೇಳಿ ಕಳಿಸ್ಯಾಳ. ಸೂಜಿ ಎಲ್ಲೈತಿ ಅನ್ನೂದು ಅದಕ್ಕ ಗೊತ್ತಾಗತೈತಂತ."

ಸುಕನ್ಯಾಳ ಎದೆ ಧಸಕ್ಕೆಂದಿತು. ಗೆಳತಿಯ ಕೈಯ ಸುದ್ದಿಗೆ ಒಂದು ಸಲ, ತನ್ನ ಪೆಟ್ಟಿಗೆಯ ಸುದ್ದಿಗೆ ಇನ್ನೊಂದು ಸಲ.

ಆದದ್ದು ಇಷ್ಟು. ಶುಕ್ರವಾರದ ಮದುಮಗನ ಶೇರವಾನಿಗೆ ಕೊರಳಪಟ್ಟಿ ಕೂರಿಸುವುದು ಬಾಕಿಯಿತ್ತು. ಕೊರಳಪಟ್ಟಿಯೆಂದರೆ ಕ್ಯಾನ್ವಾಸು, ಅದರ ಮೇಲೆ ಮಖಮಲ್ಲು, ಅದರ ಮೇಲೆ ಜರಿ. ಅಲ್ಲಿ ಮಷೀನು ನಡೆಯುವುದಿಲ್ಲ, ಕೈಸೂಜಿಯೇ ಆಗಬೇಕು. ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೊಪ್ಪಿಗೆ ಎಲ್ಲಿ ಬಿದ್ದಿತ್ತೋ, ಹುಡುಕುವ ತಾಳ್ಮೆ ಆ ಹುಡುಗಿಗೆ ಎಲ್ಲಿಂದ ಬರಬೇಕು! ಸೂಜಿಯ ಹಿಂಬದಿಯನ್ನು ಹೆಬ್ಬೆರಳ ಬುಡದ ಉಬ್ಬಿಗೆ ಆನಿಸಿ ದಬ್ಬಿದಳು. ಒಮ್ಮೆ ಹೋಯಿತು, ಇನ್ನೊಮ್ಮೆಯೂ ಹೋಯಿತು, ಮೂರನೆಯ ಸಲ ಬಟ್ಟೆಯೊಳಕ್ಕೆ ಹೋಗಬೇಕಾದದ್ದು ಕೈಯೊಳಕ್ಕೆ ಹೋಗಿ ಲಟಕ್ಕೆಂದು ಮುರಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ಮನೆಯಲ್ಲಿ ಮೊದಲು ನೆನಪಾದದ್ದು ಡಾಕ್ಟರಲ್ಲ, ಆಯಸ್ಕಾಂತ. ಹಳೆಯ ರೇಡಿಯೋದ ಸ್ಪೀಕರಿನಿಂದ ಕಿತ್ತ ದಪ್ಪ ಬಿಲ್ಲೆಯೊಂದು ದರ್ಜಿಗಳ ಅಂಗಡಿಯಲ್ಲಿ ಇದ್ದೇ ಇರುತ್ತದೆ. ಸಂಜೆ ಅದನ್ನು ನೆಲದ ಮೇಲೆ ಆಡಿಸಿದರೆ ಬಿದ್ದ ಸೂಜಿ, ಟಾಚಣಿಗಳೆಲ್ಲ ಮೆತ್ತಿಕೊಂಡು ಮೇಲೆ ಬರುತ್ತವೆ. ನೆಲದಲ್ಲಿದ್ದದ್ದು ಬರುವುದಾದರೆ ಕೈಯಲ್ಲಿದ್ದದ್ದು ಯಾಕೆ ಬರಬಾರದು? ಹುಮಾಳ ಅಜ್ಜಿ, ಗೌಸಮೊದ್ದೀನನ ತಾಯಿ ನೂರಜಹಾನ, ಆ ಬಿಲ್ಲೆಯನ್ನು ಮೊಮ್ಮಗಳ ಅಂಗೈಗೆ ಒತ್ತಿ, ಹಳೆಯ ದುಪಟ್ಟಾದಿಂದ ಬಿಗಿದು, ಸಂಜೆಯ ತನಕ ಬಿಚ್ಚಗೊಡಲಿಲ್ಲ. ಸೂಜಿ ಬರಲಿಲ್ಲ, ಕೈ ಮಾತ್ರ ಬಾತುಕೊಂಡಿತು.

ಆಮೇಲೆ ದೇಶಪಾಂಡೆ ನಗರದ ರಮಾಕಾಂತ ಡಾಕ್ಟರ ಆಸ್ಪತ್ರೆ. ಎಕ್ಸರೇಯಲ್ಲಿ ಸೂಜಿ ಬೆಳ್ಳಗೆ ಕಂಡಿತು. ಕಂಡರೇನು ಬಂತು? ಫೋಟೋ ಚಪ್ಪಟೆ, ಕೈ ಚಪ್ಪಟೆಯಲ್ಲ. ಎಷ್ಟು ಆಳದಲ್ಲಿದೆ, ಮಾಂಸದ ಯಾವ ಪದರದಲ್ಲಿದೆ ಎಂದು ಅದು ಹೇಳಲಿಲ್ಲ. ಡಾಕ್ಟರು ಕೊಯ್ದು ಹುಡುಕಿದರು, ಬೆವರಿದರು, ಕೊನೆಗೆ ಹೊಲಿದರು. ಕೊಯ್ಯುತ್ತಿರುವಾಗಲೇ ಒಳಗಿನದನ್ನು ತೋರಿಸುವ ಯಂತ್ರ ಅವರಿಗೆ ಗೊತ್ತಿದ್ದ ಕಡೆ ಒಂದೇ ಇತ್ತು. ಅದು ಕೆಟ್ಟು ರಿಪೇರಿಗೆ ಮುಂಬೈಗೆ ಹೋಗಿತ್ತು. ಯಾವಾಗ ಬರುತ್ತದೆಂದು ಯಾರೂ ಹೇಳುವವರಿಲ್ಲ. ಹುಮಾ ಹೆಬ್ಬೆರಳು ಅಲುಗಿಸಿದಾಗಲೆಲ್ಲ ಸೂಜಿ ಒಳಗೊಳಗೇ ಸರಿಯುತ್ತಿತ್ತು. ಹೆಬ್ಬೆರಳನ್ನು ಆಡಿಸುವ ನರ ಅಲ್ಲೇ ಪಕ್ಕದಲ್ಲಿದೆ. ಸೂಜಿ ಅದನ್ನು ಚುಚ್ಚಿದರೂ ಕೆಡುಕು, ಸೂಜಿ ಹುಡುಕುವ ಕತ್ತಿ ಅದಕ್ಕೆ ತಾಗಿದರೂ ಕೆಡುಕು. ಹೆಬ್ಬೆರಳು ಸತ್ತರೆ ದರ್ಜಿಯ ಮಗಳು ಸೂಜಿಯನ್ನು ಯಾವುದರಿಂದ ಹಿಡಿಯಬೇಕು?

"ಕಾಕಾ, ನನ್ನ ಪೆಟ್ಟಿಗಿ ಮ್ಯಾಲ ನನಗ ಭರವಸಾ ಇಲ್ಲ," ಅಂದಳು ಸುಕನ್ಯಾ.

"ನನಗೂ ಇಲ್ಲವಾ," ಅಂದ ಗೌಸಮೊದ್ದೀನ. "ಹುಮಾಗ ಐತಿ."

ಹುಮಾಳಿಗೆ ಆ ಭರವಸೆ ಬಂದದ್ದು ಒಂದು ಕುಪ್ಪಸದ ಅಳತೆ ಕೊಡುವ ಹೊತ್ತಿನಲ್ಲಿ. ಸುಕನ್ಯಾ ಪಿಎಚ್.ಡಿ.ಗೆಂದು ಗಾಜಿನ ಮೇಲೆ ನಿಕ್ಕಲ್ಲು-ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದಳು. ಪಟ್ಟಿಯೆಂದರೆ ಕೂದಲನ್ನು ನೂರಾರು ಸಲ ಸೀಳಿದರೆ ಆಗುವಷ್ಟು ತೆಳ್ಳಗೆ. ಅದರೊಳಗೆ ಕಾಂತತ್ವ ಉದ್ದಕ್ಕೆ ಮಲಗಿರುತ್ತದೆ. ವಿದ್ಯುತ್ತೂ ಉದ್ದಕ್ಕೇ ಹರಿಯುತ್ತದೆ. ಹೊರಗಿನಿಂದ ಆಯಸ್ಕಾಂತವೊಂದು ಬಂದು ಒಳಗಿನ ಕಾಂತತ್ವವನ್ನು ಓರೆಯಾಗಿಸಿದರೆ ಪಟ್ಟಿ ವಿದ್ಯುತ್ತನ್ನು ತಡೆಯುವುದು ಒಂದಿಷ್ಟು ಕಡಿಮೆಯಾಗುತ್ತದೆ. ನೂರರಲ್ಲಿ ಎರಡು ಪಾಲು ಇದ್ದೀತು, ಅಷ್ಟೇ. ಆ ಎರಡು ಪಾಲನ್ನು ಹಿಗ್ಗಿಸಿ ಪೆಟ್ಟಿಗೆಯ ಮೇಲಿನ ಮೀಟರಿನ ಮುಳ್ಳು ತೋರಿಸಬೇಕು. ಇದನ್ನೆಲ್ಲ ಕೇಳಿ ಹುಮಾ ಬಾಯಲ್ಲಿದ್ದ ಟಾಚಣಿ ತೆಗೆದು ನಕ್ಕಿದ್ದಳು.

"ಅದರಾಗೇನೈತಿ? ಬಟ್ಟಿನೂ ಹಂಗ. ಎಳಿಗುಂಟ ಎಳದ್ರ ಬಗ್ಗಾಂಗಿಲ್ಲ, ಓರೆಗೆ ಎಳದ್ರ ಬಿಡತೈತಿ."

"ಆದರ ಎಡಕ್ಕ ಓರೆ ಆತೋ ಬಲಕ್ಕ ಓರೆ ಆತೋ ತಿಳಿಯೂದಿಲ್ಲಲೇ. ಎರಡಕ್ಕೂ ಅಷ್ಟ ಕಡಿಮಿ ಆಗತೈತಿ. ಅದಕ್ಕ ಪಟ್ಟಿ ಮ್ಯಾಲ ಅಲ್ಯೂಮಿನಿಯಮ್ಮಿನ ಗೆರಿ ಓರೆಯಾಗಿ ಎಳೀತೇವಿ, ಕರೆಂಟು ಓರೆಯಾಗೇ ಹರೀಲಿ ಅಂತ. ಆವಾಗ ಒಂದು ಕಡಿಗೆ ಹೆಚ್ಚು, ಒಂದು ಕಡಿಗೆ ಕಡಿಮಿ."

"ಓರೆಗೆ ಕತ್ತರಸೂ ಕ್ರಾಸ್ ಪಟ್ಟಿ ಅನ್ನು. ಇದಕ್ಕ ಪಿಎಚ್.ಡಿ. ಕೊಡತಾರಂದ್ರ ನಮ್ಮ ಅಬ್ಬಾಗ ನಾಕು ಕೊಡಬೇಕು."

ಸುಕನ್ಯಾ ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೆ ಪಟ್ಟಿಗೆ ಒಂದು ಕೆಟ್ಟ ಚಾಳಿಯಿದೆಯೆಂಬುದನ್ನು ಹೇಳಿರಲಿಲ್ಲ. ದೊಡ್ಡ ಆಯಸ್ಕಾಂತ ತೀರ ಹತ್ತಿರ ಬಂದರೆ ಒಳಗೆ ಮಲಗಿದ ಕಾಂತತ್ವ ತಲೆಯಿದ್ದ ಕಡೆ ಕಾಲು, ಕಾಲಿದ್ದ ಕಡೆ ತಲೆ ಮಾಡಿ ಮಲಗಿಬಿಡುತ್ತದೆ. ಅಲ್ಲಿಂದ ಮುಂದೆ ಬಲಕ್ಕೆ ಹೋಗಬೇಕಾದ ಮುಳ್ಳು ಎಡಕ್ಕೆ, ಎಡಕ್ಕೆ ಹೋಗಬೇಕಾದದ್ದು ಬಲಕ್ಕೆ. ಅದನ್ನು ಸರಿಪಡಿಸಲು ಪ್ರಯೋಗಾಲಯದ ದೊಡ್ಡ ತಂತಿಸುರುಳಿಯೇ ಬೇಕು. ಹೋದ ವಾರವಷ್ಟೇ ಬೆಂಗಳೂರಿನಿಂದ ಬಂದ ದೊಡ್ಡವರ ಎದುರಿಗೆ ಪಟ್ಟಿ ಹಾಗೆ ಮಾಡಿ ಅವಳ ಮಾನ ಕಳೆದಿತ್ತು. "ಎಡಾ ಬಲಾ ಮರೆಯೋ ಯಂತ್ರ ಮಾಡೀದಿ ನೋಡವಾ," ಎಂದು ಅವಳ ಮಾರ್ಗದರ್ಶಕರಾದ ಶಾಂತಯ್ಯ ಸರ್ ಎಲ್ಲರೆದುರು ನಕ್ಕಿದ್ದರು. ಆ ನಗು ಅವಳ ಕಿವಿಯಿಂದ ಇನ್ನೂ ಹೋಗಿರಲಿಲ್ಲ.

ಆದರೂ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅವಳು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟಳು. ಉಣಕಲ್ಲ ಕೆರೆ ದಾಟುವಾಗ ಅದನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ತಪ್ಪು ಜಾಗ ತೋರಿಸಿದರೆ? ಪ್ರಯೋಗಾಲಯದಲ್ಲಿ ತಪ್ಪಿದರೆ ಒಂದು ಹಾಳೆ ಹರಿದು ಎಸೆದರಾಯಿತು. ಇಲ್ಲಿ ಕೊಯ್ಯುವುದು ಹುಮಾಳ ಕೈಯನ್ನು.

ರಮಾಕಾಂತ ಡಾಕ್ಟರು ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಐವತ್ತು ದಾಟಿದ ಮನುಷ್ಯ, ಮೊದಲ ಸಲ ಸೋತದ್ದು ಮುಖದಲ್ಲೇ ಕಾಣುತ್ತಿತ್ತು.

"ನೋಡವಾ ತಂಗಿ, ನಾ ಇದನ್ನ ನಂಬೂದಿಲ್ಲ," ಅಂದರು. "ಆದರ ಕಣ್ಣು ಕಟ್ಟಿಕೊಂಡು ಇನ್ನೊಮ್ಮೆ ಕೊಯ್ಯೋ ಧೈರ್ಯನೂ ನನಗಿಲ್ಲ. ನೀ ಗುರುತು ಹಾಕು. ಅಲ್ಲಿ ಸಿಗಲಿಲ್ಲಂದ್ರ ಮುಂದ ಹುಡುಕೂದಿಲ್ಲ, ಮುಚ್ಚಿಬಿಡತೇನಿ. ಮುಂದಿಂದು ದೇವರ ಕೈಯಾಗ ಅದ."

ಕಬ್ಬಿಣದ ಮೇಜು ನಡೆಯುವುದಿಲ್ಲವೆಂದು ಡಾಕ್ಟರ ಮನೆಯಿಂದ ಮರದ ಮೇಜು ಬಂತು. ಗಡಿಯಾರ, ಕೀಲಿಕೈ, ಕತ್ತರಿ ಎಲ್ಲ ಹೊರಗೆ ಹೋದವು. ಹುಮಾ ಕೈ ಚಾಚಿ ಮಲಗಿದಳು. ಹಳೆಯ ಹೊಲಿಗೆಯ ಸುತ್ತ ಕೆಂಪಗೆ ಬಾತಿತ್ತು. ಗೌಸಮೊದ್ದೀನ ತೆಳು ಮಲಮಲ್ಲಿನ ಮೇಲೆ ನೀಲಿ ದಾರದಿಂದ ಸಣ್ಣ ಸಣ್ಣ ಚೌಕಗಳನ್ನು ಹೊಲಿದು ತಂದಿದ್ದ. ಅದನ್ನು ಅಂಗೈ ಮೇಲೆ ಹಾಸಿದರು. ಸುಕನ್ಯಾ ಪೆಟ್ಟಿಗೆಗೆ ತಂತಿಯಿಂದ ಕಟ್ಟಿದ, ಪಟ್ಟಿಯಿದ್ದ ಗಾಜಿನ ಚೂರನ್ನು ನೆಟ್ಟಗೆ ಹಿಡಿದು ಒಂದೊಂದೇ ಚೌಕದ ಮೇಲೆ ಇಡುತ್ತಾ ಹೋದಳು.

"ಕೈ ಯಾಕ ನಡುಗಾಕತ್ತೈತಿ?" ಹುಮಾ ಕೇಳಿದಳು. "ನಂದಲ್ಲ, ನಿಂದು."

"ಸುಮ್ನ ಮಲಗಲೇ."

ಹೆಬ್ಬೆರಳ ಕಡೆಯ ಚೌಕದಲ್ಲಿ ಮುಳ್ಳು ಬಲಕ್ಕೆ ವಾಲಿತು. ಮಣಿಕಟ್ಟಿನ ಕಡೆಗೆ ಬರಬರುತ್ತಾ ಅದು ಇಳಿದು, ನಡುವೆ ಸೊನ್ನೆಯಲ್ಲಿ ನಿಂತು, ಆಮೇಲೆ ಎಡಕ್ಕೆ ವಾಲಿತು. ಸೂಜಿಯ ಒಂದು ತುದಿ ಇತ್ತ, ಇನ್ನೊಂದು ತುದಿ ಅತ್ತ, ಸೊನ್ನೆಯಿದ್ದಲ್ಲಿ ನಡು. ಇಷ್ಟು ಸ್ಪಷ್ಟವಾಗಿ ತೋರಿಸುತ್ತದೆಂದು ಅವಳೇ ಅಂದುಕೊಂಡಿರಲಿಲ್ಲ. ಅಜ್ಜಿ ಸಂಜೆತನಕ ಬಿಲ್ಲೆ ಕಟ್ಟಿದ್ದರಿಂದ ಸೂಜಿಯೇ ಸಣ್ಣದೊಂದು ಆಯಸ್ಕಾಂತವಾಗಿ ಕೂತಿತ್ತು. ಬರೀ ಉಕ್ಕಿನ ಚೂರಾಗಿದ್ದರೆ ಪಟ್ಟಿಗೆ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ. ಅವಳು ಬಟ್ಟೆ ಎತ್ತಿ ಅಂಗೈ ಮೇಲೆ ದರ್ಜಿಯ ಸೀಮೆಸುಣ್ಣದಿಂದ ಗುರುತು ಹಾಕಿದಳು, ಡಾಕ್ಟರು ಅದರ ಮೇಲೆ ಅಳಿಯದ ಮಸಿಯಿಂದ ಗೆರೆ ಎಳೆದರು.

"ನರದ ಮಗ್ಗಲಕ್ಕ ಅದ," ಅಂದರು. "ಹುಷಾರಾಗಿ ಹೋಗಬೇಕು."

ಹುಮಾಳ ಭಯ ಇಳಿಯಲೆಂದು ಒಂದು ಇಂಜೆಕ್ಷನ್ನು ಕೊಟ್ಟು ಪಕ್ಕದ ಕೋಣೆಯಲ್ಲಿ ಮಲಗಿಸಿದರು. ಅವಳ ಕಣ್ಣು ಮುಚ್ಚಿದವು. ಅಜ್ಜಿ ನೂರಜಹಾನ ಮಂಚದ ಬದಿಗೆ ಕೂತಳು. ಉಳಿದವರು ಚಹಾ ಕುಡಿಯಲು ಹೋದರು. ಸುಕನ್ಯಾ ಪೆಟ್ಟಿಗೆಯನ್ನೂ ಜೊತೆಗೇ ಒಯ್ದಳು. ಚಹಾದ ಅಂಗಡಿಯಲ್ಲೂ ಅದನ್ನು ಕಂಕುಳಿಂದ ಇಳಿಸಲಿಲ್ಲ.

ಆಪರೇಷನ್ ಕೋಣೆಯಲ್ಲಿ ಕೈಗೆ ಕಂದು ಔಷಧಿ ಬಳಿದು, ಮರಗಟ್ಟಿಸುವ ಸೂಜಿಮದ್ದು ಕೊಟ್ಟು, ಹಸಿರು ಬಟ್ಟೆ ಹೊದಿಸಿಯಾಗಿತ್ತು. ಬಟ್ಟೆಯ ಕಿಂಡಿಯಲ್ಲಿ ಗುರುತು, ಅದರ ಆಚೀಚೆ ಬೆರಳಷ್ಟು ಜಾಗ, ಇಷ್ಟೇ ಕಾಣುತ್ತಿತ್ತು. ಡಾಕ್ಟರು ಕತ್ತಿ ಕೈಗೆತ್ತಿಕೊಳ್ಳುವ ಮುನ್ನ, "ಕಡೇ ಸಲ ಒಮ್ಮೆ ನೋಡಿಬಿಡವಾ," ಅಂದರು. ಸುಕನ್ಯಾ ಗಾಜಿನ ಚೂರಿಗೆ ರಬ್ಬರು ಕೈಗವಸಿನ ಬೆರಳು ತೊಡಿಸಿ ಕಿಂಡಿಯ ಹೆಬ್ಬೆರಳ ಕಡೆಯ ಅಂಚಿಗೆ ಹಿಡಿದಳು.

ಮುಳ್ಳು ಎಡಕ್ಕೆ ಹೋಯಿತು.

ಅವಳು ತೆಗೆದು ಮತ್ತೆ ಇಟ್ಟಳು. ಎಡಕ್ಕೇ. ಪಕ್ಕದಲ್ಲಿದ್ದ ಚಿಮಟ ಕತ್ತರಿಗಳ ತಟ್ಟೆಯನ್ನು ದೂರ ಒಯ್ಯಲು ಹೇಳಿದಳು. ಆದರೂ ಎಡಕ್ಕೇ. ಗುರುತಿನ ಮೇಲಿಟ್ಟಳು, ಮುಳ್ಳು ಸೊನ್ನೆಯ ಆಚೀಚೆ ಒದ್ದಾಡಿತು, ಆದರೆ ಅದು ಸೂಜಿಯ ಆಟವೋ ತನ್ನ ಕೈಯ ನಡುಕವೋ ಅವಳಿಗೆ ತಿಳಿಯಲಿಲ್ಲ.

"ಏನಾತು?" ಡಾಕ್ಟರು ಕೇಳಿದರು.

"ತಿರುಗೇತ್ರಿ."

"ಏನು ತಿರುಗಿತು?"

ಅದೇ ಅವಳಿಗೂ ಬೇಕಾದ ಉತ್ತರ. ತಿರುಗಿದ್ದು ತನ್ನ ಪಟ್ಟಿಯಾದರೆ ಭಯವಿಲ್ಲ: ಹೋದ ವಾರದಂತೆಯೇ ಎಡ ಬಲವಾಗಿದೆ, ಬಲ ಎಡವಾಗಿದೆ, ಸೊನ್ನೆ ಮಾತ್ರ ಅಲ್ಲೇ ಇದೆ. ಗುರುತು ಖರೆ. ಕೊಯ್ಯಬಹುದು. ಆದರೆ ತಿರುಗಿದ್ದು ಒಳಗಿನ ಸೂಜಿಯ ಕಾಂತವಾದರೆ? ಅದು ತಾನಾಗಿ ತಿರುಗುವುದಿಲ್ಲ. ದೊಡ್ಡ ಆಯಸ್ಕಾಂತವೊಂದು ಕೈಯ ಹತ್ತಿರ ಬಂದಿರಬೇಕು. ಬಂದಿದ್ದರೆ, ಮೊದಲೇ ಕೊಯ್ದು ಸಡಿಲಾದ ಮಾಂಸದಲ್ಲಿ ಸೂಜಿಯನ್ನು ಎಳೆದೂ ಇರಬೇಕು. ಹಾಗಾದರೆ ಗುರುತು ಸುಳ್ಳು. ಗುರುತಿನ ಮಗ್ಗಲಲ್ಲೇ ನರ.

ಆಯಸ್ಕಾಂತವಂತೂ ಮನೆಯಲ್ಲಿದೆ, ದುರ್ಗದಬೈಲಿನಲ್ಲಿ. ಇಲ್ಲಿಗೆ ಯಾರು ತರುತ್ತಾರೆ? ಪಟ್ಟಿಯೇ ಹಳೆಯ ಚಾಳಿ ತೋರಿಸಿದೆ, ಬೇರೇನಲ್ಲ. ಚಹಾದ ಅಂಗಡಿಯ ರೇಡಿಯೋ ಪಕ್ಕದಲ್ಲಿ ನಿಂತಿರಲಿಲ್ಲವೇ? ಹತ್ತರಲ್ಲಿ ಒಂಬತ್ತು ಪಾಲು ಅದೇ. ಅಷ್ಟು ಹೇಳಿಬಿಟ್ಟರೆ ಎಲ್ಲ ಸುಸೂತ್ರ. ಉಳಿದ ಒಂದು ಪಾಲು ಅವಳನ್ನು ತಡೆಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕತ್ತಿ ಒಳಗೆ ಹೋದ ಮೇಲೆ ಮಾತನ್ನು ವಾಪಸು ತೆಗೆದುಕೊಳ್ಳಲು ಬರುವುದಿಲ್ಲ.

"ಲಗೂ ಹೇಳವಾ," ಅಂದರು ಡಾಕ್ಟರು. "ಮದ್ದು ಇಳಿಯೋದ್ರಾಗ ಮುಗಿಸಬೇಕು. ಗುರುತು ಖರೇ ಅದನೋ ಇಲ್ಲೋ?"

"ನನಗ ಗೊತ್ತಿಲ್ರಿ."

"ಗೊತ್ತಿಲ್ಲಂದ್ರ?"

"ಗೊತ್ತಿಲ್ಲ. ಕತ್ತಿ ಹಚ್ಚಬ್ಯಾಡ್ರಿ. ಒಂದು ಸ್ವಲ್ಪ ತಡೀರಿ, ಹೊರಗ ಹೋಗಿ ನೋಡಿ ಬರತೇನಿ."

ಡಾಕ್ಟರು ಏನೋ ಅಂದರು, ಅವಳು ಕೇಳಿಸಿಕೊಳ್ಳಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹಿತ್ತಲಿಗೆ ಓಡಿದಳು. ಕಬ್ಬಿಣದ ಮಂಚ, ಕಿಟಕಿಯ ಸರಳು, ಸ್ಕೂಟರು ಯಾವುದೂ ಹತ್ತಿರವಿಲ್ಲದ ಜಾಗ ಹುಡುಕಿ, ಬಟ್ಟೆ ಒಣಹಾಕುವ ಬಯಲಿನ ನಡುವೆ ನಿಂತಳು. ಪಟ್ಟಿ ಸರಿಯಿದೆಯೋ ಇಲ್ಲವೋ ನೋಡಲು ಅವಳ ಹತ್ತಿರ ಒಂದೇ ಒಂದು ಉಪಾಯವಿತ್ತು. ಭೂಮಿಯೇ ದೊಡ್ಡ ಆಯಸ್ಕಾಂತ. ಅದನ್ನು ಯಾರೂ ಬಂದು ತಿರುಗಿಸಿ ಹೋಗುವುದಿಲ್ಲ. ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿ ಬಾಣವೊಂದಿತ್ತು. ಗಾಜನ್ನು ಆ ಮುಚ್ಚಳದ ಮೇಲೆ ಅಡ್ಡ ಮಲಗಿಸಿ ಬಾಣವನ್ನು ಉತ್ತರಕ್ಕೆ ಹಿಡಿದರೆ ಮುಳ್ಳು ಬಲಕ್ಕೆ ಬರಬೇಕು. ಪಟ್ಟಿ ತಿರುಗಿ ಮಲಗಿದ್ದರೆ ಎಡಕ್ಕೆ.

ಸಾಲೆಯಲ್ಲಿ ಕಲಿತಂತೆ ಅವಳು ಬೆಳಗಿನ ಸೂರ್ಯನಿಗೆ ಮುಖ ಮಾಡಿ ನಿಂತಳು. ಎಡಗೈ ಉತ್ತರ. ಎಡಕ್ಕೆ ಹೋಗಲಿ, ದೇವರೇ, ಎಡಕ್ಕೆ ಹೋಗಲಿ ಎಂದು ಬೇಡಿಕೊಂಡಳು. ನನ್ನ ಪಟ್ಟಿಯೇ ಕೆಟ್ಟಿರಲಿ, ಶಾಂತಯ್ಯ ಸರ್ ಇನ್ನೊಮ್ಮೆ ನಗಲಿ, ಪಿಎಚ್.ಡಿ. ಹಾಳಾಗಿ ಹೋಗಲಿ. ತಾನು ಕಟ್ಟಿದ್ದು ಕೆಟ್ಟುಹೋಗಲಿ ಎಂದು ಹೀಗೆ ಬಯಸುವ ದಿನ ಬರುತ್ತದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಬಾಣವನ್ನು ಉತ್ತರಕ್ಕೆ ತಿರುಗಿಸಿ, ಕಣ್ಣು ಕಿರಿದು ಮಾಡಿ ಮುಳ್ಳನ್ನು ನೋಡಿದಳು.

ಬಲಕ್ಕೆ ಬಂತು. ದಕ್ಷಿಣಕ್ಕೆ ಹಿಡಿದಳು, ಎಡಕ್ಕೆ ಹೋಯಿತು. ಪಟ್ಟಿ ನೆಟ್ಟಗೇ ಇತ್ತು.

ಒಳಗೆ ಓಡಿ ಬಂದಳು. ಪಡಸಾಲೆಯಲ್ಲಿ ಮರದ ಬೆಂಚಿನ ಮೇಲೆ ಗೌಸಮೊದ್ದೀನನೂ ಅವನ ತಾಯಿಯೂ ಕೂತಿದ್ದರು. ಅವಳ ಮುಖ ನೋಡಿದವನೇ ಗೌಸಮೊದ್ದೀನ ಎದ್ದು ನಿಂತ.

"ಕಾಕಾ, ಹುಮಾನ ಕೈ ಹತ್ತಿರ ಯಾರರ ಆಯಸ್ಕಾಂತ ಹಿಡಿದಿದ್ರ?"

"ಇಲ್ಲಿ ಯಾರವಾ ಹಿಡೀತಾರ? ಅದು ಅಂಗಡ್ಯಾಗೈತಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನೂರಜಹಾನ ಅಜ್ಜಿಯ ಕೈ ಸೊಂಟದಲ್ಲಿದ್ದ ಎಲೆ ಅಡಿಕೆಯ ಸಂಚಿಯ ಮೇಲೆ ಹೋಯಿತು. ಸುಕನ್ಯಾ ಪೆಟ್ಟಿಗೆ ಹಿಡಿದುಕೊಂಡೇ ಅವಳ ಕಡೆ ಒಂದು ಹೆಜ್ಜೆ ಇಟ್ಟಳು. ಮುಳ್ಳು ಸರ್ರನೆ ಓಡಿ ಅಂಚಿಗೆ ಬಡಿಯಿತು. ಇನ್ನೂ ಮುಂದೆ ಹೋದರೆ ಪಟ್ಟಿ ನಿಜಕ್ಕೂ ತಿರುಗೀತೆಂದು ಅವಳು ಹಾಗೆಯೇ ಹಿಂದೆ ಸರಿದಳು.

"ಅಮ್ಮಾ," ಅಂದ ಗೌಸಮೊದ್ದೀನ. ಅವನ ದನಿ ಸಣ್ಣಗಾಗಿತ್ತು. "ಸಂಚ್ಯಾಗ ಏನೈತಿ?"

ಅಜ್ಜಿ ಸಂಚಿಯ ದಾರ ಬಿಚ್ಚಿದಳು. ಸುಣ್ಣದ ಡಬ್ಬಿ, ಅಡಕತ್ತರಿ, ಅಡಕತ್ತರಿಗೆ ಗಟ್ಟಿಯಾಗಿ ಕಚ್ಚಿಕೊಂಡ ಕರಿ ಬಿಲ್ಲೆ.

"ನೀವು ಚಾ ಕುಡ್ಯಾಕ ಹೋದಾಗ ಒಮ್ಮೆ ಹಿಡದು ನೋಡಿದ್ನಪಾ," ಅಂದಳು. "ಮೊದಲ ಹೊಲಿಗಿ ಹಾಕಿದ ಜಾಗಾದಾಗ ದಾರಿ ಸಡ್ಲ ಆಗಿರತೈತಿ, ಈಗರ ಬಂದೀತು ಅಂತ. ಆ ಕೂಸಿನ ಕೈ ಇನ್ನೊಮ್ಮೆ ಕೊಯ್ಯೂದು ನೋಡೂದು ನನ್ನ ಕಡಿಂದ ಆಗಾಂಗಿಲ್ಲ." ಬೈಯಲು ಬಾಯಿ ತೆರೆದ ಮಗ ಬೈಯದೆ ಅವಳ ಕೈಯಿಂದ ಬಿಲ್ಲೆ ತೆಗೆದುಕೊಂಡ.

"ಯಾವ ಕಡಿಗೆ ಹಿಡದಿದ್ರಿ ಅಜ್ಜಿ?" ಸುಕನ್ಯಾ ಕೇಳಿದಳು.

ಅಜ್ಜಿ ತನ್ನದೇ ಕೈ ಚಾಚಿ ಹಳೆಯ ಗಾಯದ ಜಾಗ ತೋರಿಸಿದಳು. ಮಣಿಕಟ್ಟಿನ ಕಡೆಗೆ.

"ಡಾಕ್ಟರ, ಗುರುತು ಸುಳ್ಳು," ಎಂದು ಸುಕನ್ಯಾ ಹೇಳಿದಾಗ ರಮಾಕಾಂತರ ಮುಖ ಕಪ್ಪಿಟ್ಟಿತು. ವಿಷಯ ಕೇಳಿ ಅವರು ಅಜ್ಜಿಯನ್ನೂ ದರ್ಜಿಗಳನ್ನೂ ರೇಡಿಯೋ ಕಂಡುಹಿಡಿದವನನ್ನೂ ಒಟ್ಟಿಗೆ ಬೈದರು. ಬೈಯುತ್ತಲೇ ಹಸಿರು ಬಟ್ಟೆ ಕಿತ್ತು, ಔಷಧಿ ಒರೆಸಿ, "ಹಾಸವಾ ನಿನ್ನ ಚೌಕಾನ," ಅಂದರು. ಮಲಮಲ್ಲು ಮತ್ತೆ ಕೈ ಮೇಲೆ ಬಂತು. ಸುಕನ್ಯಾ ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು ಒಂದೊಂದೇ ಚೌಕ ನೋಡತೊಡಗಿದಳು. ಲಗೂ ಮಾಡಬೇಕು, ಲಗೂ ಮಾಡಬಾರದು. ಹುಮಾ ಮಂಪರಿನಲ್ಲೇ ಏನೋ ಗೊಣಗಿ ಮುಖ ಅತ್ತ ಹೊರಳಿಸಿದಳು.

ಸೊನ್ನೆ ಸರಿದಿತ್ತು. ಮೊದಲಿನ ಗುರುತಿನಿಂದ ಅರ್ಧ ಬೆರಳು ಮಣಿಕಟ್ಟಿನ ಕಡೆಗೆ, ಅದೂ ಓರೆಯಾಗಿ. ಅವಳು ಎರಡು ಸಲ ನೋಡಿದಳು, ಮೂರನೆಯ ಸಲ ಆ ಕಡೆಯಿಂದ ಈ ಕಡೆಗೆ ನೋಡಿದಳು. ಆಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಳು.

"ಈಗ ಖರೇ ಏನು?" ಡಾಕ್ಟರು ಕೇಳಿದರು.

"ಖರೇ ರಿ," ಅಂದಳು.

ಹೊರಗೆ ಬೆಂಚಿನ ಮೇಲೆ ಮೂವರೂ ಕೂತರು. ಬಿಲ್ಲೆಯನ್ನು ಗೌಸಮೊದ್ದೀನ ಎಲ್ಲಿಗೋ ದೂರ ಒಯ್ದು ಇಟ್ಟು ಬಂದಿದ್ದ. ಒಳಗಿನಿಂದ ಒಮ್ಮೆ ಡಾಕ್ಟರ ದನಿ ಕೇಳಿತು, ಮತ್ತೆ ನಿಂತಿತು. ಸಿಗದಿದ್ದರೆ ಮುಚ್ಚಿಬಿಡುತ್ತೇನೆಂದು ಹೇಳಿದ್ದಾರೆ. ಇಷ್ಟು ಹೊತ್ತು ಬೇಕೆ? ಮುಚ್ಚುತ್ತಿದ್ದಾರೆಯೇ? ಸುಕನ್ಯಾ ಪೆಟ್ಟಿಗೆಯ ಮುಚ್ಚಳದ ಬಿಳಿ ಬಾಣವನ್ನು ಉಗುರಿನಿಂದ ಕೆರೆಯುತ್ತಾ ಕೂತಳು.

"ಸುಕನ್ಯವ್ವ," ಅಜ್ಜಿ ಮೆಲ್ಲಗೆ ಕೇಳಿದಳು. "ನಾ ಬಿಲ್ಲಿ ಹಿಡಿದಿದ್ದು ಅಷ್ಟು ಕೆಟ್ಟ ಆತೇನ?"

ಸುಕನ್ಯಾ ಸುಳ್ಳು ಹೇಳಲಾರಳು, ಖರೆ ಹೇಳಲು ಮನಸ್ಸಿಲ್ಲ. "ಮೊದಲ ಹಿಡಿದಿದ್ದಕ್ಕ ಸೂಜಿ ನನಗ ಕಂಡತಿ ಅಜ್ಜಿ," ಅಂದಳು. "ಇವತ್ತು ಹಿಡಿದಿದ್ದಕ್ಕ ತಪ್ಪಿಸಿಕೊಂಡತಿ."

ಅಜ್ಜಿ ಅದನ್ನು ತೂಗಿ ನೋಡುವವಳಂತೆ ಎರಡೂ ಅಂಗೈ ಮುಂದೆ ಚಾಚಿದಳು. "ಹಂಗಾರ ಒಂದಕ್ಕೊಂದು ವಜಾ ಆತು," ಅಂದಳು. ಗೌಸಮೊದ್ದೀನನಿಗೆ ನಗುವೂ ಅಳುವೂ ಒಟ್ಟಿಗೇ ಬಂದು, ಎದ್ದು ಬಾಗಿಲ ಕಡೆ ಹೋಗಿ ನಿಂತ.

ಕೊನೆಗೆ ನರ್ಸು ಬಂದು ಸುಕನ್ಯಾಳನ್ನು ಕರೆದಳು. ಒಳಗೆ ಡಾಕ್ಟರು ಚಿಮಟ ಎತ್ತಿ ಹಿಡಿದಿದ್ದರು. ಚಿಮಟವನ್ನು ಸಡಿಲಿಸಿದರೂ ಕಪ್ಪಗಿನ ಸೂಜಿಯ ಚೂರು ಬೀಳದೆ ಅದಕ್ಕೇ ಅಂಟಿಕೊಂಡಿತ್ತು.

"ನಿನ್ನ ಗೆರಿ ಬುಡಕ್ಕ ಇತ್ತು," ಅಂದರು. "ಮೊದಲಿನ ಗುರುತಿನ ಮ್ಯಾಲ ಹೋಗಿದ್ರ ನರಾ ಸರಿಸಿ ಅದರ ಕೆಳಗ ಹುಡುಕತಿದ್ದೆ. ಏನೂ ಸಿಗತಿದ್ದಿಲ್ಲ. ಇನ್ನೊಂದು ಸ್ವಲ್ಪ ಒಳಗ ಹೋಗಿ ನೋಡೂಣ ಅಂತಿದ್ದೆ." ಚಿಮಟವನ್ನು ನರ್ಸಿನ ಕೈಗೆ ಕೊಟ್ಟರು. "ಈಗ ಹಚ್ಚಿ ನೋಡು, ಚೂರುಪಾರು ಉಳದದೇನು."

ಸೂಜಿಯನ್ನು ಆಚೆ ಒಯ್ದ ಮೇಲೆ ಸುಕನ್ಯಾ ಗಾಜನ್ನು ಅಂಗೈಯುದ್ದಕ್ಕೂ ಆಡಿಸಿದಳು. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ.

ಆದರೆ ಹೆಬ್ಬೆರಳಿನ ವಿಷಯ ಅವತ್ತು ಯಾರಿಗೂ ಗೊತ್ತಾಗುವಂತಿರಲಿಲ್ಲ. ಮರಗಟ್ಟಿದ ಕೈ ಮರಗಟ್ಟಿಯೇ ಇತ್ತು. ಮರುದಿನ ಬೆಳಿಗ್ಗೆ ಸುಕನ್ಯಾ ಧಾರವಾಡದಿಂದ ಮತ್ತೆ ಬಂದಳು, ಪೆಟ್ಟಿಗೆಯಿಲ್ಲದೆ. ಡಾಕ್ಟರು ಹುಮಾಳ ಕೈ ಹಿಡಿದು, ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಲು ಹೇಳಿದರು. ಹೆಬ್ಬೆರಳು ಅಲುಗಿತು, ಅರ್ಧ ದಾರಿಗೆ ಬಂದು ನಿಂತಿತು. ಗೌಸಮೊದ್ದೀನ ಕಣ್ಣು ಮುಚ್ಚಿಕೊಂಡ.

"ಬಾವು ಅದ, ಜಗ್ಗತದ," ಅಂದರು ಡಾಕ್ಟರು. "ಮೆಲ್ಲಕ ಮಾಡವಾ."

ಹುಮಾ ಹಲ್ಲು ಕಚ್ಚಿದಳು. ಹೆಬ್ಬೆರಳು ನಡುಗುತ್ತಾ ನಡುಗುತ್ತಾ ಹೋಗಿ ಕಿರುಬೆರಳ ತುದಿಗೆ ಮುಟ್ಟಿತು. ಡಾಕ್ಟರು ತಲೆಯಾಡಿಸಿ ಮುಂದಿನ ರೋಗಿಯ ಹತ್ತಿರ ಹೋದರು. ಇದಕ್ಕಿಂತ ದೊಡ್ಡ ಮಾತು ಅವರಿಂದ ಬರುವುದಿಲ್ಲವೆಂದು ಎಲ್ಲರಿಗೂ ತಿಳಿಯಿತು.

"ಸೂಜಿ ದಾರ ಕೊಡ್ರಿ," ಅಂದಳು ಹುಮಾ.

ಯಾರೂ ಕೊಡಲಿಲ್ಲ. ದರ್ಜಿಗಳ ಮನೆಯ ಮಂದಿ, ಒಬ್ಬೊಬ್ಬರ ಅಂಗಿಯಲ್ಲೂ ಒಂದೊಂದು ಸೂಜಿ ಚುಚ್ಚಿಕೊಂಡಿರುವವರು, ಎಲ್ಲರೂ ಗೋಡೆ ನೋಡಿದರು. ಸುಕನ್ಯಾಳೂ ನೋಡಿದಳು. ಕೊನೆಗೆ ನೂರಜಹಾನ ಅಜ್ಜಿ ಕುಪ್ಪಸದ ಅಂಚಿನಲ್ಲಿ ಸಿಕ್ಕಿಸಿದ್ದ ಸೂಜಿ ತೆಗೆದಳು. ಅದರೊಳಗಿನ ಬಿಳಿ ದಾರವನ್ನು ಎಳೆದು ಮೊಮ್ಮಗಳ ಕೈಗೆ ಕೊಟ್ಟಳು. ಹುಮಾ ದಾರದ ತುದಿಯನ್ನು ನಾಲಗೆಗೆ ಹಚ್ಚಿ, ಹೆಬ್ಬೆರಳು ತೋರುಬೆರಳ ನಡುವೆ ಹೊಸೆದಳು. ಹೊಸೆಯುವಾಗ ಮುಖ ಕಿವುಚಿದಳು, ಆದರೂ ಹೊಸೆದಳು.

"ಸೂಜೀನೂ ಕೊಡು ದಾದಿಮಾ."

ಅಜ್ಜಿ ಕೊಡಲಿಲ್ಲ. ಸೂಜಿಯನ್ನು ತನ್ನ ಎರಡು ಬೆರಳಲ್ಲೇ ಗಟ್ಟಿಯಾಗಿ ಹಿಡಿದು, ಅದರ ಕಣ್ಣನ್ನು ಮೊಮ್ಮಗಳ ಕಡೆ ತಿರುಗಿಸಿ ಮುಂದೆ ಚಾಚಿದಳು. ಆ ಮುದಿ ಕೈ ನಡುಗುತ್ತಿತ್ತು. ಹುಮಾ ಅದು ನಿಲ್ಲುವ ತನಕ ಕಾದು ದಾರವನ್ನು ಹಾಕಿದಳು. ಒಂದೇ ಸಲಕ್ಕೆ ಹೋಯಿತು. ದಾರದ ಎರಡೂ ತುದಿ ಹುಮಾಳ ಕೈಗೆ ಬಂದ ಮೇಲೂ ಅಜ್ಜಿ ಸೂಜಿಯನ್ನು ಬಿಡಲಿಲ್ಲ.